ಮುಂದಿನ ಬೆಂಚಿನ ದೇವರು

ನಾವು ಟ್ರೇಲರ್ ಕೊಂಡದ್ದು ಊರು ಸುತ್ತುವ ಹುಚ್ಚಿಗಲ್ಲ, ನಮ್ಮ ಅತ್ತೆ ಶಾಂತಾಬಾಯಿಯವರ ಸ್ನಾನಕ್ಕೆ.

ಅವರಿಗೆ ಮೊದಲು ಸ್ನಾನ, ಆಮೇಲೆ ಲಿಂಗಪೂಜೆ, ಆಮೇಲೆ ತಮ್ಮ ಕೈಯಾರೆ ಬಡಿದ ರೊಟ್ಟಿ. ಇದರಲ್ಲಿ ಒಂದು ತಪ್ಪಿದರೂ ಬಾಯಿಗೆ ಏನೂ ಹೋಗುವುದಿಲ್ಲ. ಹೋಟೆಲಿನ ಬಾತ್‌ಟಬ್ಬಿನಲ್ಲಿ ನಿನ್ನೆ ಯಾರು ಮಲಗಿದ್ದರೋ ಏನೋ ಎಂಬ ಅನುಮಾನ ಅವರದು. ಹಿಂದಿನ ವರ್ಷ ನಾದಿನಿ ಸೋನಾಲಿಯ ಮನೆಗೆಂದು ಜರ್ಮನ್‌ಟೌನ್‌ನಿಂದ ಅಟ್ಲಾಂಟಾದ ಕಡೆ ಹೊರಟವರು ಒಂದೂವರೆ ದಿನ ಬಾಳೆಹಣ್ಣನ್ನೂ ಮುಟ್ಟಲಿಲ್ಲ. ಮೊದಲೇ ಸಕ್ಕರೆ ಕಾಯಿಲೆ. ಶಾರ್ಲಟ್ ಹತ್ತಿರ ಮೈಯೆಲ್ಲ ಬೆವೆತು ನನ್ನ ಹೆಗಲ ಮೇಲೆ ಒರಗಿಬಿಟ್ಟರು. ಎಮರ್ಜೆನ್ಸಿಯಲ್ಲಿ ಗ್ಲೂಕೋಸ್ ಹಾಕಿಸಿ, ಸೋನಾಲಿಯ ಮುಖವನ್ನೂ ನೋಡದೆ ಹಾಗೇ ಮನೆಗೆ ತಿರುಗಿಸಿಕೊಂಡು ಬಂದೆವು.

ಈ ವರ್ಷ ಅಟ್ಲಾಂಟಾ ಪಕ್ಕದ ಸುವಾನಿಯಲ್ಲಿ ಸೋನಾಲಿಗೆ ಗಂಡುಮಗು ಹುಟ್ಟಿತು. ಜೂನ್ ತಿಂಗಳ ಎರಡನೆಯ ಭಾನುವಾರ ತೊಟ್ಟಿಲ ಕಾರ್ಯ. ಅಜ್ಜಿ ಹೋಗದಿದ್ದರೆ ಹೇಗೆ? ಹೋದರೆ ಉಪವಾಸ. ವಿಮಾನದಲ್ಲಿ ಕರೆದುಕೊಂಡು ಹೋಗೋಣವೆಂದರೆ, ಒಮ್ಮೆ ಬಂದದ್ದೇ ಸಾಕು, ಇನ್ನು ಅದರಲ್ಲಿ ಕೂರುವುದು ಊರಿಗೆ ಹೋಗುವಾಗ ಮಾತ್ರ ಎಂದರು. ಆಗ ನಮ್ಮವರ ತಲೆಗೆ ಟ್ರೇಲರ್ ಹೊಳೆಯಿತು. ಗೇದರ್ಸ್‌ಬರ್ಗಿನ ಒಬ್ಬ ನಿವೃತ್ತ ಮೇಷ್ಟ್ರು ತಮ್ಮ ಹಳೆಯ ಹದಿನೆಂಟಡಿಯ ಟ್ರೇಲರ್ ಮಾರುವವರಿದ್ದರು. ಅದರೊಳಗೆ ಒಂದು ಒಲೆ, ಒಂದು ಬಚ್ಚಲು, ಹಿಂದೆ ಮಂಚ, ಮುಂದೆ ಕಿಟಕಿಯ ಕೆಳಗೆ ಊಟದ ಮೇಜು, ಅದರ ಎರಡು ಕಡೆ ಬೆಂಚು. ನಮ್ಮ ಸಬರ್ಬನ್ ಗಾಡಿಗೆ ಕೊಕ್ಕೆ ಹಾಕಿಸಿ ಅದನ್ನು ಮನೆಗೆ ಎಳೆದು ತಂದದ್ದೂ ಆಯಿತು.

ನನಗೆ ಮಾತ್ರ ಅವತ್ತಿನಿಂದ ನಿದ್ದೆ ಕಡಿಮೆಯಾಯಿತು. ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಸೆಂಟ್ರಿಫ್ಯೂಜ್ ಎಂಬ ಗರಗರ ತಿರುಗುವ ಯಂತ್ರವಿದೆ. ಎದುರುಬದುರು ಇಡುವ ಟ್ಯೂಬುಗಳ ತೂಕದಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಅದು ಮೇಜನ್ನೇ ಅಲ್ಲಾಡಿಸಿಬಿಡುತ್ತದೆ. ಹತ್ತು ವರ್ಷ ಅದನ್ನು ತೂಗಿ ತೂಗಿ ಇಟ್ಟ ನನಗೆ, ಗಂಟೆಗೆ ಐವತ್ತೈದು ಮೈಲಿ ವೇಗದಲ್ಲಿ ಒಂದು ಸಣ್ಣ ಮನೆ ನಮ್ಮ ಬೆನ್ನಹಿಂದೆ ಬರುತ್ತದೆ ಎಂದರೆ ಎದೆ ಹೊಡೆದುಕೊಳ್ಳದೆ ಇರುತ್ತದೆಯೇ? ಲೈಬ್ರರಿಯಿಂದ ಎರಡು ಪುಸ್ತಕ ತಂದು ಓದಿದೆ. ಒಂದರಲ್ಲಿ ಮಗುಚಿ ಬಿದ್ದ ಟ್ರೇಲರಿನ ಚಿತ್ರವಿತ್ತು. ಮುಂದೆ ಓದದೆ ಎರಡನ್ನೂ ಹಿಂತಿರುಗಿಸಿ, ನಮ್ಮವರಿಗೆ ಒಂದೇ ಷರತ್ತು ಹಾಕಿದೆ. ದಾರಿಯಲ್ಲಿ ಅದು ಒಂದು ಸಲ ಬಾಲ ಅಲ್ಲಾಡಿಸಿದರೂ ಅಲ್ಲೇ ಬಿಚ್ಚಿಟ್ಟು ಕಾರಿನಲ್ಲಿ ಮುಂದೆ ಹೋಗುವುದು. ಆಯಿತು ಎಂದರು. ಮೇಷ್ಟ್ರು ಎಲ್ಲ ಹೇಳಿಕೊಟ್ಟಿದ್ದಾರೆ, ತಾನು ಎಂಜಿನಿಯರು, ಚಿಂತೆ ಬೇಡ ಎಂದರು.

ಹೊರಡುವ ಹಿಂದಿನ ದಿನ ನಾನು ಲ್ಯಾಬಿನಿಂದ ಬರುವಷ್ಟರಲ್ಲಿ ಅತ್ತೆ, ಮಗ ಸೇರಿ ಸಾಮಾನು ತುಂಬಿ ಮುಗಿಸಿದ್ದರು. ಮುಂದಿನ ಬೆಂಚಿನ ಮೇಲೆ ಮಡಿವಸ್ತ್ರ ಹಾಸಿ, ಮನೆದೇವರ ಫೋಟೋ, ವಿಭೂತಿ, ಗಂಟೆ, ಪತ್ರೆಯ ಡಬ್ಬಿ ಇಟ್ಟು ಅತ್ತೆ ಚೆಂದದ ದೇವರಮನೆ ಮಾಡಿದ್ದರು. ಎದುರಿನ ಬೆಂಚು ಅವರು ಪೂಜೆಗೆ ಕೂರಲು. ಆ ಮೇಜಿನ ಸುತ್ತಮುತ್ತ ಒಂದು ಚಪ್ಪಲಿ, ಒಂದು ಹಿಟ್ಟಿನ ಚೀಲ ಕೂಡ ಇಡಕೂಡದು. ಹಾಗಾಗಿ ಉಳಿದದ್ದೆಲ್ಲ ಹಿಂದಕ್ಕೆ ಹೋಗಿತ್ತು: ಬಿಜಾಪುರದಿಂದ ಹಡಗಿನಲ್ಲಿ ಬಂದ ಸಾಗುವಾನಿ ತೊಟ್ಟಿಲು, ನಾಲ್ಕು ಚೀಲ ಜೋಳದ ಹಿಟ್ಟು, ಕಟಕ್ ರೊಟ್ಟಿಯ ಡಬ್ಬಿಗಳು, ಹಿತ್ತಾಳೆಯ ಹಂಡೆ, ಶೇಂಗಾದ ಹಿಂಡಿ, ಮತ್ತೆ ಗುಂಡುಕಲ್ಲು. ನಮ್ಮ ಕಡೆ ತೊಟ್ಟಿಲ ಕಾರ್ಯದಲ್ಲಿ ಮೊದಲು ಗುಂಡುಕಲ್ಲಿಗೆ ಕುಂಚಿಗೆ ಎಂಬ ಕುಲಾವಿ ತೊಡಿಸಿ, ಅದನ್ನೇ ಕೂಸೆಂದು ತೊಟ್ಟಿಲ ಕೆಳಗಿಂದ ಮೇಲೆ, ಮೇಲಿಂದ ಕೆಳಗೆ ಕೈಬದಲು ಮಾಡುತ್ತಾರೆ. ಆಮೇಲೆ ನಿಜವಾದ ಕೂಸಿನ ಸರದಿ. ಸುವಾನಿಯಲ್ಲಿ ಕಲ್ಲು ಸಿಗುವುದಿಲ್ಲವೇ ಎಂದು ಕೇಳಿದ್ದಕ್ಕೆ, ಗುರುತಿಲ್ಲದ ಕಲ್ಲನ್ನು ಕೂಸಿನ ತೊಟ್ಟಿಲಿಗೆ ಹಾಕುತ್ತಾರೆಯೇ ಎಂದು ನನ್ನನ್ನೇ ಕೇಳಿದರು. ಇಷ್ಟು ಸಾಲದೆಂದು ಹಿಂಬದಿಯಲ್ಲಿದ್ದ ನೀರಿನ ಟ್ಯಾಂಕನ್ನೂ ಕಂಠಮಟ ತುಂಬಿಸಿದ್ದರು. ಕಂಡರಿಯದ ಊರಿನ ನೀರು ಪೂಜೆಗೆ ಬರುವುದಿಲ್ಲ.

ನಮ್ಮವರು ಇದನ್ನೆಲ್ಲ ನೋಡುತ್ತ ಒಂದು ಕ್ಷಣ ತಲೆ ಕೆರೆದುಕೊಂಡರು. ಆಮೇಲೆ ಬಾಗಿಲು ಹಾಕಿದರು. ಆ ತಲೆ ಕೆರೆತವನ್ನು ನಾನು ಅವತ್ತೇ ವಿಚಾರಿಸಬೇಕಿತ್ತು.

ಶುಕ್ರವಾರ ಬೆಳಗಿನ ಜಾವ ಪೂಜೆ, ರೊಟ್ಟಿ ಮುಗಿಸಿಕೊಂಡು ಹೊರಟೆವು. ಅತ್ತೆ ಹಿಂದಿನ ಸೀಟಿನಲ್ಲಿ, ಪಕ್ಕದಲ್ಲಿ ನಮ್ಮ ಒಂಬತ್ತು ವರ್ಷದ ಮಗಳು ಮೇಧಾ. ಓಡುವ ಟ್ರೇಲರಿನಲ್ಲಿ ಯಾರೂ ಕೂರಬಾರದು ಎಂದು ಮೇಷ್ಟ್ರು ಹೇಳಿದ್ದನ್ನು ನಮ್ಮವರು ಮೂರು ಸಲ ಹೇಳಿದ್ದರು. ವಾಷಿಂಗ್ಟನ್ ಸುತ್ತಿನ ಬೆಲ್ಟ್‌ವೇಯಲ್ಲಿ ಗಾಡಿಗಳು ಆಮೆಯಂತೆ ತೆವಳುತ್ತಿದ್ದರಿಂದ ನನಗೆ ನೆಮ್ಮದಿ. ರಿಚ್ಮಂಡ್ ದಾಟಿದ ಮೇಲೆ ಒಂದು ದೊಡ್ಡ ಟ್ರಕ್ಕು ಪಕ್ಕದಲ್ಲಿ ಹಾದುಹೋದಾಗ ಹಿಂದೆ ಯಾರೋ ಸೆರಗು ಹಿಡಿದು ಜಗ್ಗಿದಂತಾಯಿತು. ಗಾಳಿ, ಎಂದರು ನಮ್ಮವರು. ನಾನೂ ಗಾಳಿಯೇ ಎಂದೆ. ಬಾಲ ಅಲ್ಲಾಡಿತೆಂದು ಒಪ್ಪಿಕೊಂಡರೆ ಅಲ್ಲೇ ಬಿಚ್ಚಬೇಕಾಗುತ್ತಿತ್ತಲ್ಲ.

ನಾರ್ತ್ ಕ್ಯಾರೊಲೈನಾದ ಗಡಿಗೆ ಇನ್ನೆರಡು ಮೈಲಿ ಇರುವಾಗ ಇಳಿಜಾರು ಬಂತು. ಮೇಧಾ ಹಿಂದಕ್ಕೆ ತಿರುಗಿ ನೋಡುತ್ತಿದ್ದವಳು, "ಅಜ್ಜಿ, ಲುಕ್, ಟ್ರೇಲರ್ ಡ್ಯಾನ್ಸ್ ಮಾಡ್ತಿದೆ" ಎಂದಳು.

ಕನ್ನಡಿಯಲ್ಲಿ ನೋಡಿದೆ. ಟ್ರೇಲರು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸುತ್ತಿತ್ತು, ಪ್ರತಿ ಸಲವೂ ಹಿಂದಿನದಕ್ಕಿಂತ ಅಗಲವಾಗಿ. ಇವರು ಬ್ರೇಕ್ ಒತ್ತಿದರು. ಅದು ಇನ್ನೂ ಜೋರಾಯಿತು. ಈಗ ನಮ್ಮ ಗಾಡಿಯ ಹಿಂಭಾಗವೂ ಅದರ ತಾಳಕ್ಕೆ ಕುಣಿಯತೊಡಗಿತು. ಸ್ಟೀರಿಂಗ್ ಕೆಳಗೆ ಟ್ರೇಲರಿನ ಬ್ರೇಕಿಗೇ ಒಂದು ಸಣ್ಣ ಹಿಡಿ ಇತ್ತು. ಲೈಬ್ರರಿ ಪುಸ್ತಕದಲ್ಲಿ ಆ ಕೆಟ್ಟ ಚಿತ್ರದ ಕೆಳಗಿನ ಸಾಲು ನನ್ನ ಕಣ್ಣಿಗೆ ಬಿದ್ದಿತ್ತು: ಗಾಡಿಯ ಬ್ರೇಕ್ ಮುಟ್ಟಬೇಡಿ, ಹಿಡಿಯನ್ನು ಎಳೆಯಿರಿ. ಕೈ ಚಾಚಿ ಹಿಡಿಯನ್ನು ಎಳೆದೆ. ಹಿಂದಿನಿಂದ ಯಾರೋ ಲಗಾಮು ಜಗ್ಗಿದಂತಾಗಿ ಟ್ರೇಲರು ನೆಟ್ಟಗಾಯಿತು. ಅತ್ತೆಯವರ ಕೈ ಕೊರಳಲ್ಲಿದ್ದ ಲಿಂಗದ ಕರಡಿಗೆಯ ಮೇಲಿತ್ತು. ಇನ್ನೊಂದು ಕೈ ಮೇಧಾಳ ಎದೆಯ ಮೇಲೆ ಅಡ್ಡಲಾಗಿತ್ತು.

ಗಡಿ ದಾಟಿದ ಕೂಡಲೇ ದಾರಿಹೋಕರು ದಣಿವಾರಿಸಿಕೊಳ್ಳುವ ವೆಲ್ಕಮ್ ಸೆಂಟರ್. ಅಲ್ಲಿ ನಿಲ್ಲಿಸಿ ಪೈನ್ ಮರಗಳ ಕೆಳಗೆ ಇಳಿದೆವು. ನನ್ನ ಷರತ್ತು ಎಲ್ಲರಿಗೂ ನೆನಪಿತ್ತು. ಇವರು ಕೊಕ್ಕೆ ಬಿಚ್ಚತೊಡಗಿದರು. ಇಲ್ಲೇ ಹತ್ತಿರದ ಕ್ಯಾಂಪ್‌ಗ್ರೌಂಡಿನಲ್ಲಿ ಬಿಟ್ಟು ಹೋಗೋಣ ಎಂದರು.

ಅತ್ತೆ ಮರದ ಕೆಳಗಿನ ಬೆಂಚಿನ ಮೇಲೆ ಕೂತು ಕೇಳಿಸಿಕೊಂಡರು. "ಬಿಟ್ಟ ನಡೀರಿ. ನಾ ನಾಳಿ ಸಂಜಿತನಕ ತಡಕೋತೀನಿ" ಎಂದರು.

ತಡೆದುಕೊಳ್ಳುವುದೆಂದರೆ ಏನೆಂದು ನಾನು ಹೋದ ವರ್ಷವೇ ನೋಡಿದ್ದೆ. ಬಿಟ್ಟು ಹೋದರೆ ಅತ್ತೆಯವರ ಸಕ್ಕರೆ ಇಳಿಯುತ್ತದೆ, ಎಳೆದುಕೊಂಡು ಹೋದರೆ ನಾಲ್ಕೂ ಜನ ಹಳ್ಳಕ್ಕೆ. ಷರತ್ತು ಹಾಕಿದವಳು ನಾನು, ಈಗ ಅದರಲ್ಲಿ ಸಿಕ್ಕಿಬಿದ್ದವಳೂ ನಾನೇ. ಬೀಳ್ಕೊಡುವ ಮುಂಚೆ ಒಮ್ಮೆ ನೋಡೋಣವೆಂದು ಟ್ರೇಲರಿನ ಸುತ್ತ ಬಂದೆ. ನೆಟ್ಟಗೆ ನಿಲ್ಲಬೇಕಾದದ್ದು ಹಿಂದಕ್ಕೆ ಕುಕ್ಕರಗಾಲಲ್ಲಿ ಕೂತಂತೆ ಕಂಡಿತು. ಮುಂದಿನ ಮೂಗು, ಅಂದರೆ ಕೊಕ್ಕೆಗೆ ಸಿಕ್ಕುವ ಕಬ್ಬಿಣದ ತುದಿ, ಮೇಲೆ ನೋಡುತ್ತಿತ್ತು.

ನಮ್ಮವರಿಗೆ ದಿನಾ ಬೆಳಿಗ್ಗೆ ತೂಕ ನೋಡಿಕೊಳ್ಳುವ ಚಟ. ಡಾಕ್ಟರು ಹೊಟ್ಟೆ ಕರಗಿಸಲು ಹೇಳಿದಂದಿನಿಂದ ಬಾತ್‌ರೂಮಿನ ತೂಕದ ಯಂತ್ರ ಅವರ ಜೊತೆಗೇ ಪ್ರಯಾಣ ಮಾಡುತ್ತದೆ. ಅದನ್ನು ತಂದು ನೆಲಕ್ಕಿಟ್ಟು, ಮೇಲೊಂದು ಮರದ ತುಂಡಿಟ್ಟು, ಟ್ರೇಲರಿನ ಮೂಗನ್ನು ಅದರ ಮೇಲೆ ನಿಧಾನ ಇಳಿಸಲು ಹೇಳಿದೆ. ಮುಳ್ಳು ನೂರಾ ಹತ್ತು ಪೌಂಡಿಗೆ ನಿಂತಿತು.

"ಇದು ನನಗಿಂತ ಹಗುರ ಅದ. ಮೇಷ್ಟ್ರು ಎಷ್ಟು ಇರಬೇಕಂದಿದ್ರು?" ಎಂದು ಕೇಳಿದೆ.

ಇವರು ಮರದ ಬೇರು ನೋಡಿದರು. "ಒಟ್ಟು ತೂಕದಾಗ ಹತ್ತರಾಗ ಒಂದ ಪಾಲು. ಮುನ್ನೂರ ಎಂಬತ್ತರ ಹತ್ರ."

"ಮತ್ತ?"

"ಭಾರದ್ದೆಲ್ಲ ಗಾಲಿಗಿಂತ ಮುಂದ ಇಡು ಅಂದಿದ್ದ. ಹಿಂದ ಭಾರ ಆದ್ರ ಬಾಲ ಬೀಸತದ ಅಂದಿದ್ದ."

"ಹೇಳಬಾರದಿತ್ತೇನ್ರಿ?"

"ಯಾರಿಗೆ ಹೇಳ್ಲಿ? ಮುಂದ ದೇವರು ಕುಂತಾನ. ಅವ್ವಗ ದೇವರನ್ನ ಎಬ್ಬಿಸು ಅನ್ನಲೇನು?"

ನಲವತ್ತೆರಡು ವರ್ಷದ ಎಂಜಿನಿಯರು, ಆಫೀಸಿನಲ್ಲಿ ಹದಿನಾರು ಜನಕ್ಕೆ ಹೇಳುವವರು, ಒಂದು ಫೋಟೋ ಸರಿಸೆಂದು ತಾಯಿಗೆ ಹೇಳಲಾರದೆ ನಾಲ್ಕು ಜೀವವನ್ನು ಇನ್ನೂರು ಮೈಲಿ ಎಳೆದು ತಂದಿದ್ದರು. ಬಯ್ಯಲು ಬಾಯಿ ತೆರೆದೆ. ಆದರೆ ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನೂ ಅತ್ತೆಗೆ ಒಮ್ಮೆಯಾದರೂ ಹಾಗೆ ಹೇಳಿದ್ದು ನೆನಪಾಗದೆ ಬಾಯಿ ಮುಚ್ಚಿದೆ.

ಅತ್ತೆಗೆ ಕೇಳಿಸಿತ್ತು. ಎದ್ದು ಬಂದು ತೂಕದ ಯಂತ್ರವನ್ನು ಬಗ್ಗಿ ನೋಡಿದರು. ಏನು ನಡೆಯುತ್ತಿದೆ ಎಂದು ಮಗನನ್ನು ಕೇಳಲಿಲ್ಲ, ನನ್ನನ್ನೇ ಕೇಳಿದರು. ನಾನು ಸೆಂಟ್ರಿಫ್ಯೂಜಿನ ಕಥೆ ಬಿಟ್ಟು, ಬುಟ್ಟಿ ಹೊತ್ತವಳ ಲೆಕ್ಕದಲ್ಲಿ ಹೇಳಿದೆ: ತಲೆಯ ಮೇಲಿನ ಬುಟ್ಟಿಯಲ್ಲಿ ಭಾರವೆಲ್ಲ ಹಿಂದಕ್ಕಿದ್ದರೆ ಕುತ್ತಿಗೆ ಹಿಂದಕ್ಕೆ ಜಗ್ಗುತ್ತದೆ, ಹೆಜ್ಜೆ ತಪ್ಪುತ್ತದೆ. ಅವರು ತಲೆಯಾಡಿಸಿದರು. ಆಮೇಲೆ ಮಗನ ಕಡೆ ತಿರುಗಿದರು.

"ಸಿದ್ಧಾ, ಇದನ್ನ ಹೇಳಲಿಕ್ಕೆ ನಿನಗ ಏನಾಗಿತ್ತು? ದೇವರು ಎಲ್ಲಿ ಅದಾನ ಅಂತ ತಿಳಕೊಂಡಿ?" ಎಂದು ಕೊರಳಿನ ಕರಡಿಗೆ ಎತ್ತಿ ತೋರಿಸಿದರು. "ಇವ ಇಲ್ಲಿ ಅದಾನ. ಬೆಂಚಿನ ಮ್ಯಾಲ ಇದ್ದದ್ದು ಫೋಟೋ. ಫೋಟೋ ಎಲ್ಲಿಟ್ಟರೂ ಕುಂದರತದ, ಗಾಡ್ಯಾಗಿನ ಕೂಸು ಹಂಗ ಕುಂದರಂಗಿಲ್ಲ."

ಅವರೇ ಒಳಗೆ ಹೋಗಿ, ಕೈಮುಗಿದು, ದೇವರ ಫೋಟೋವನ್ನು ಸೆರಗಿನಲ್ಲಿ ಎತ್ತಿಕೊಂಡು ಹಿಂದಿನ ಮಂಚಕ್ಕೆ ಹೋದರು. ಇನ್ನೊಂದು ತಾಸು ನಮಗೆ ಬಿಡುವಿರಲಿಲ್ಲ. ತೊಟ್ಟಿಲು ಮುಂದಿನ ಬೆಂಚಿಗೆ ಬಂತು. ಹಿಟ್ಟಿನ ಚೀಲಗಳು ಮೇಜಿನ ಕೆಳಗೆ ಹೋದವು. ಮುಂದೆ ತಂದ ಹಂಡೆಯೊಳಗೆ ರೊಟ್ಟಿ ಡಬ್ಬಿಗಳು ಕೂತವು. ಗುಂಡುಕಲ್ಲು ಜಾರದಂತೆ ಅದನ್ನು ತೊಟ್ಟಿಲಲ್ಲೇ ಮಲಗಿಸಿ, ತೊಟ್ಟಿಲನ್ನು ಬೆಂಚಿನ ಕಾಲಿಗೆ ಹಗ್ಗದಿಂದ ಬಿಗಿದೆವು. ಕೊನೆಗೆ ಉಳಿದದ್ದು ಟ್ಯಾಂಕಿನ ನೀರು. ಪೂಜೆಗೆಂದು ಎರಡು ಕ್ಯಾನ್ ತುಂಬಿಸಿಕೊಂಡ ಅತ್ತೆ, ಉಳಿದದ್ದಕ್ಕೆ ತಾವೇ ನಲ್ಲಿ ತಿರುವಿದರು. ಜರ್ಮನ್‌ಟೌನ್ ನೀರು ನಾರ್ತ್ ಕ್ಯಾರೊಲೈನಾದ ಹುಲ್ಲಿಗೆ ಹರಿಯಿತು. ಸ್ನಾನಕ್ಕೆ ಇಲ್ಲಿನ ನೀರೇ ಸಾಕು, ಕುಡಿಯುವುದಕ್ಕೇನೂ ಅಲ್ಲವಲ್ಲ ಎಂದರು. ಎರಡು ವರ್ಷದಿಂದ ನಾವೂ ಸೋನಾಲಿಯ ಮನೆಯವರೂ ಅವರೊಡನೆ ವಾದ ಹೂಡಿ ಸೋತ ವಿಷಯ ಅದು.

ಮತ್ತೆ ತೂಕ ನೋಡಿದೆವು. ಯಂತ್ರದ ಅಳತೆ ಮುನ್ನೂರಕ್ಕೆ ಮುಗಿಯುವುದರಿಂದ, ಒಂದು ಹಲಗೆಯ ಒಂದು ತುದಿಯನ್ನು ಇಟ್ಟಿಗೆಯ ಮೇಲೂ ಇನ್ನೊಂದು ತುದಿಯನ್ನು ಯಂತ್ರದ ಮೇಲೂ ಇಟ್ಟು, ನಡುವೆ ಮೂಗನ್ನು ಇಳಿಸಿದೆ. ಹೀಗೆ ಮಾಡಿದರೆ ಅರ್ಧ ತೂಕ ತೋರಿಸುತ್ತದೆ. ಮುಳ್ಳು ನೂರಾ ತೊಂಬತ್ತೈದಕ್ಕೆ ಬಂತು. ಅಂದರೆ ಮುನ್ನೂರಾ ತೊಂಬತ್ತು. ಮೇಧಾ ಚಪ್ಪಾಳೆ ತಟ್ಟಿದಳು. ಇವರು ಬೀಗದ ಕೈಯನ್ನು ನನ್ನ ಕೈಗಿಟ್ಟರು. ಯಾಕೆಂದೆ. ಹಿಡಿ ಎಳೆದವಳು ನೀನು, ನೀನೇ ಓಡಿಸು ಎಂದರು. ಶಿಕ್ಷೆಯೋ ಮರ್ಯಾದೆಯೋ ಗೊತ್ತಾಗಲಿಲ್ಲ.

ಆ ದಿನ ಶಾರ್ಲಟ್‌ವರೆಗೆ ನಾನೇ ಓಡಿಸಿದೆ. ಐವತ್ತೈದು ದಾಟಲಿಲ್ಲ. ಹಿಂದಿನವರು ಹಾರ್ನ್ ಮಾಡಿದರು, ಮಾಡಿಕೊಳ್ಳಲಿ. ದೊಡ್ಡ ಟ್ರಕ್ಕು ಬಂದಾಗಲೆಲ್ಲ ನನ್ನ ಕೈ ತಾನಾಗಿ ಆ ಹಿಡಿಯ ಕಡೆ ಹೋಗುತ್ತಿತ್ತು. ಹಿಂದಿನ ಸೀಟಿನಿಂದ ಅತ್ತೆ ಕನ್ನಡಿ ನೋಡದೆಯೇ ವರದಿ ಕೊಡುತ್ತಿದ್ದರು: "ನೆಟ್ಟಗ ಅದ, ನಡಿ." ಶನಿವಾರ ಬೆಳಿಗ್ಗೆ ಕ್ಯಾಂಪ್‌ಗ್ರೌಂಡಿನಲ್ಲಿ, ಹಿಂದಿನ ಮಂಚದ ಮೂಲೆಯಲ್ಲಿ ಅವರ ಪೂಜೆಯಾಯಿತು. ಒಲೆಯ ಮೇಲೆ ರೊಟ್ಟಿ ಬಡಿಯುವ ಸದ್ದಿಗೆ ಪಕ್ಕದ ಟ್ರೇಲರಿನವರು ಬಂದು ಇಣುಕಿದರು, ಬಿಸಿ ರೊಟ್ಟಿಯೊಂದನ್ನು ತಿಂದುಕೊಂಡೇ ಹೋದರು. ಅತ್ತೆ ಎರಡು ರೊಟ್ಟಿ ತಿಂದರು. ಮೂರು ಗಂಟೆಗೆ ಸುವಾನಿ ಮುಟ್ಟಿದಾಗ ಅವರಿಗೆ ಬೆವರೂ ಇಲ್ಲ, ನಡುಕವೂ ಇಲ್ಲ. ಗಾಡಿ ನಿಲ್ಲುವ ಮೊದಲೇ ಬಾಗಿಲು ತೆಗೆದು ಇಳಿದರು.

ಭಾನುವಾರ ಮನೆ ತುಂಬ ಹೆಂಗಸರು. ಪಕ್ಕದ ಊರು ಅಲ್ಫರೆಟಾದಿಂದ ಎಂಟು ಕಾರು ಬಂದಿದ್ದವು. ಗುಂಡುಕಲ್ಲಿಗೆ ಹಸಿರು ಕುಂಚಿಗೆ ತೊಡಿಸಿದ್ದಾಗ, ಅದರ ಭಾರಕ್ಕೆ ಬೆಚ್ಚಿದ ಒಬ್ಬರು ಇಷ್ಟು ದೂರ ಇದನ್ನು ಯಾಕೆ ತಂದಿರಿ ಎಂದರು. "ಇವನೇ ನಮ್ಮನ್ನ ತಂದಾನವಾ, ಮುಂದ ಕುಂತು" ಎಂದು ಅತ್ತೆ ಕಲ್ಲನ್ನು ತೊಟ್ಟಿಲ ಕೆಳಗಿಂದ ನನ್ನ ಕೈಗೆ ದಾಟಿಸಿದರು. ಕೇಳಿದವರಿಗೆ ಅರ್ಥವಾಗಲಿಲ್ಲ. ನಮ್ಮವರು ಬಾಗಿಲ ಬಳಿ ನಿಂತು ನಕ್ಕರು.

ಮಂಗಳವಾರ ಹಿಂತಿರುಗುವ ಹೊತ್ತಿಗೆ ತೊಟ್ಟಿಲು, ಕಲ್ಲು, ಹಿಟ್ಟು ಎಲ್ಲ ಸೋನಾಲಿಯ ಮನೆಯಲ್ಲೇ ಉಳಿದವು. ಟ್ರೇಲರು ಖಾಲಿ. ನಾನು ಮೇಧಾಳ ಚಪ್ಪಲಿ ಹುಡುಕುತ್ತಿದ್ದೆ, ಹೊರಗೆ ಅತ್ತೆಯವರ ದನಿ ಕೇಳಿ ಇಳಿದು ಬಂದೆ. ತೂಕದ ಯಂತ್ರವನ್ನು ತಾವೇ ಹೊತ್ತು ತಂದು ಹಲಗೆ, ಇಟ್ಟಿಗೆ ಜೋಡಿಸಿಕೊಂಡಿದ್ದರು. ಅವರ ಅಳಿಯ, ಸೋನಾಲಿಯ ಗಂಡ ಚೇತನ, ದಾರಿಗೆಂದು ತಂದ ಪೀಚ್ ಹಣ್ಣಿನ ಬುಟ್ಟಿಗಳನ್ನು ಒಂದೊಂದಾಗಿ ಮುಂದಿನ ಬೆಂಚಿಗೆ ಸೇರಿಸುತ್ತಿದ್ದ.

"ಶೀಲಾ, ಮುಳ್ಳು ಎಲ್ಲಿಗೆ ಬಂತು ನೋಡು. ನನಗ ಆ ಇಂಗ್ಲಿಷ್ ಅಂಕಿ ತಿಳಿಯಂಗಿಲ್ಲ."

ಬಗ್ಗಿ ನೋಡಿ, ನೂರಾ ಐವತ್ತು ಎಂದೆ.

"ಎಲ್ಲಿಗೆ ಬರಬೇಕು?"

"ಇನ್ನೂ ಇಪ್ಪತ್ತು ಮ್ಯಾಲ. ಈಗ ಗಾಡಿ ಖಾಲಿ ಅದ, ಅಷ್ಟ ಸಾಕು."

ಅವರು ಅಳಿಯನ ಕಡೆ ತಿರುಗಿ, ಇನ್ನೊಂದು ಬುಟ್ಟಿ ಇರಲಿ ಎಂದು ಕೈ ಮಾಡಿದರು.