ಬೋಳುಬಂಡೆಯ ಮೇಲಿನ ಗೋಪುರ

ತಮ್ಮನ ಪ್ಯಾಂಟಿನ ಬಲಗಾಲಿನ ಹೊಲಿಗೆ ಬಿಚ್ಚುತ್ತ ಕುಳಿತಿದ್ದಳು ಟೈಲರಕ್ಕ. ದಪ್ಪ ಪಟ್ಟಿ ಸುತ್ತಿದ ಕಾಲು ಯಾವ ಪ್ಯಾಂಟಿಗೂ ಹಿಡಿಸುತ್ತಿರಲಿಲ್ಲ. ಬೆಟ್ಟ ಹತ್ತುವ ಕೆಲಸ ಇನ್ನು ಮರೆತುಬಿಡು ಎಂದಿದ್ದರು ಡಾಕ್ಟರು. ಮಷಿನ್ನಿನ ಮೇಲಿನ ಗೋಡೆಯಲ್ಲಿ ಅವಳದೇ ಹೊಸ ಫೋಟೋ: ಶಿಖರದ ನೆತ್ತಿ, ಎದೆಮಟ್ಟ ಪೇರಿಸಿದ ಕಲ್ಲಿನ ಗೋಪುರ, ಪಕ್ಕದಲ್ಲಿ ಬಾಯಿತುಂಬ ನಗು.

"ಹೇಗೋ ಬಿದ್ದೆ? ಕಣ್ಣು ಮುಚ್ಕೊಂಡು ಹತ್ತಿ ಇಳಿಯೋನು ನೀನು!"

ಪ್ರವಾಸಿಗರಿಗೆ ದಾರಿ ತೋರಿಸಿಯೇ ಬದುಕಿದವನು ತಮ್ಮ. ಒಳಕೋಣೆಯ ಮಂಚದಿಂದಲೇ ಹೇಳಿದ:

"ಮಂಜು ಅಕ್ಕಾ. ಹತ್ತು ಹೆಜ್ಜೆ ಆಚೆ ಏನೂ ಕಾಣ್ತಿರಲಿಲ್ಲ. ಮೇಲೆ ಬರೀ ಬೋಳುಬಂಡೆ, ಹೆಜ್ಜೆ ಗುರುತು ಉಳಿಯಲ್ಲ. ಎಡಕ್ಕೆ ಹುಲ್ಲಿನ ಇಳಿಜಾರು, ಬಲಕ್ಕೆ ಪ್ರಪಾತ. ಅದಕ್ಕೇ ನಾವು ದಾರಿಯುದ್ದಕ್ಕೂ ಅಲ್ಲಲ್ಲಿ ಕಲ್ಲು ಪೇರಿಸಿಡೋದು. ಮಂಜು ಕವಿದ್ರೆ ಒಂದು ಕಲ್ಲುಗುಡ್ಡೆಯಿಂದ ಇನ್ನೊಂದಕ್ಕೆ ನಡೀತೀವಿ. ಅವತ್ತು ಬಲಕ್ಕೆ ಹೊಸದೊಂದು ಕಾಣಿಸ್ತು, ನಂಬಿದೆ. ಪುಣ್ಯಕ್ಕೆ ನಾನೊಬ್ಬನೇ ಮುಂದಿದ್ದೆ."

ಅವಳು ಗೋಡೆಯ ಫೋಟೋ ಕಡೆ ತಿರುಗಿದಳು. ಬೆನ್ನ ಹಿಂದಿನ ಕಣಿವೆ ಅದರಲ್ಲಿ ಚೆನ್ನಾಗಿ ಬರಲಿ ಎಂದು ಆ ಅಂಚಿಗೇ ಅವಳು ಕಲ್ಲು ಹೊತ್ತು ಗೋಪುರ ಪೇರಿಸಿದ್ದಳು.

ಸಂಜೆ ಗಂಡನಿಗೆ ಹೇಳಿದಾಗ ಅವನು ಗದರಿದ. "ಬಂದೋರೆಲ್ಲ ಅಲ್ಲಿ ಕಲ್ಲು ಪೇರಿಸ್ತಾರೆ. ನಿಂದೇ ಅಂತ ಏನು ಗ್ಯಾರಂಟಿ? ಸುಮ್ನೆ ಮೈಮೇಲೆ ಎಳ್ಕೋಬೇಡ. ಅವನೂ ನೋಡಿ ನಡೀಬೇಕಿತ್ತು."

"ನೋಡೋಕೆ ಅಲ್ಲಿ ಏನಿತ್ತು ರೀ, ನನ್ನ ಗೋಪುರ ಬಿಟ್ರೆ?"

ಫೋಟೋ ಕಿತ್ತು ತಮ್ಮನ ಕೈಗಿಟ್ಟಳು. ಬೈಯಲಿ, ಎಸೆಯಲಿ ಎಂದುಕೊಂಡೇ ನಿಂತಳು. ಅವನು ತುಂಬ ಹೊತ್ತು ನೋಡಿದ.

"ಎಷ್ಟು ಗಟ್ಟಿಯಾಗಿ ಪೇರಿಸಿದ್ದೀಯ, ಗಾಳಿಗೂ ಅಲ್ಲಾಡದ ಹಾಗೆ. ಅದಕ್ಕೇ ಅಕ್ಕಾ, ನಮ್ಮೋರದೇ ಅನ್ಕೊಂಡುಬಿಟ್ಟೆ."

ಅವಳು ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಮರುದಿನ ಅಂಗಡಿಗೆ ಬೀಗ ಹಾಕಿ ಬೆಟ್ಟ ಹತ್ತಿದಳು. ಗೋಪುರದ ಮುಂದೆ ಇಬ್ಬರು ಹುಡುಗಿಯರು ಫೋನು ಹಿಡಿದು ನಿಂತಿದ್ದರು. ಅವಳು ಮೇಲಿನ ಕಲ್ಲಿಗೆ ಕೈಹಾಕಿದ್ದೇ ತಡ, "ಅಯ್ಯೋ ಆಂಟಿ, ಒಂದೇ ಒಂದು ಫೋಟೋ, ಆಮೇಲೆ ಬಿಚ್ಚಿ!" ಎಂದರು.

"ನಾನೂ ಒಂದೇ ತೆಗೆಸ್ಕೊಂಡಿದ್ದು ಕಣ್ರಮ್ಮಾ," ಎಂದಳು. ತಮ್ಮನ ಕಾಲಿನ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಹುಡುಗಿಯರು ಫೋನು ಚೀಲಕ್ಕೆ ಹಾಕಿ ತಾವೂ ಕಲ್ಲು ಹೊತ್ತು ಎಡಗಡೆಯ ಹುಲ್ಲಿನಲ್ಲಿ ಚೆದುರಿಸಿದರು. ಕೆಳಗೆ ಯಾರಾದರೂ ಇರಬಹುದೆಂದು ಪ್ರಪಾತಕ್ಕೆ ಒಂದನ್ನೂ ಎಸೆಯಲಿಲ್ಲ.

ಮನೆಗೆ ಬಂದಾಗ ತಮ್ಮ ಎಚ್ಚರವಾಗಿದ್ದ.

"ಮೇಲೆ ಮಂಜಿತ್ತಾ?"

"ಇರಲಿಲ್ಲ ಕಣೋ. ಎಲ್ಲಾ ಕಾಣ್ತಿತ್ತು."

"ಆಚೆ ಹೊಳೆನೂ?"

"ಹ್ಞೂಂ."

"ಹೇಗಿತ್ತು, ಹೇಳು," ಎಂದು ಅವನು ಕಣ್ಣು ಮುಚ್ಚಿದ.

ಅವಳು ಮಂಚದ ಪಕ್ಕ ನೆಲದ ಮೇಲೆ ಕುಳಿತು ಹೇಳತೊಡಗಿದಳು.