ಕಾಗದ ಕಾಣದೆ ಕೂಗಿದ ಸ್ವೀ ಲಾನ್

೧

ಈ ಕಥೆಯನ್ನು ಮಳೆಯಿಂದ ಶುರುಮಾಡಲೋ, ಸ್ವೀ ಲಾನಳ ಬೂಟಿನಿಂದ ಶುರುಮಾಡಲೋ? ಮಳೆಯಿಂದ ಶುರುವಾದ ಕನ್ನಡ ಕಥೆಗಳು ಈಗಾಗಲೇ ಒಂದು ಕೆರೆ ತುಂಬುವಷ್ಟಿವೆ. ಆದ್ದರಿಂದ ಬೂಟು.

(ಮೊದಲ ಕರಡಿನಲ್ಲಿ ಬೂಟು ಕೆಂಪಗಿತ್ತು. "ಅರವತ್ತು ದಾಟಿದೋಳಿಗೆ ಕೆಂಪು ಬೂಟಾ? ಸೊಸೆ ನಗಲ್ವಾ?" ಎಂದು ಸ್ವೀ ಲಾನ್ ರೇಗಿದಳು. ಈಗ ಕಪ್ಪು. ತೋಟದ ಕೆಲಸದವರು ಹಾಕುವ ಅಗ್ಗದ ರಬ್ಬರ್ ಬೂಟು. ಮಲೇಷ್ಯಾದ ಇಪೋ ಊರಿನ ಕೆಸರಿಗೆ ಅದೇ ಸರಿ.)

೨

ಆ ಬೂಟಿಗೆ ಈಗ ಕುತ್ತು ಬಂದಿದೆ. ಹೋದ ತಿಂಗಳು ಕಾಡಿನ ಓಟದಾಟವೊಂದರಲ್ಲಿ ಸ್ವೀ ಲಾನ್ ಗುಂಪಿನಿಂದ ಹಿಂದೆ ಬಿದ್ದು ಕಾಡಿನಲ್ಲಿ ದಾರಿತಪ್ಪಿದಳು. ಬೊಂಬಾದವರು, ಅಂದರೆ ಬೆಂಕಿ ಆರಿಸುವ ದಳದವರು, ಬೆಂಕಿಯೇ ಇಲ್ಲದ ಕಡೆ ನುಗ್ಗಿ ಆಕೆಯನ್ನು ಹೊರತಂದರು. ಮಗ ವೇ ಕಿಯತ್ ಅಂದೇ ಹೇಳಿಬಿಟ್ಟ: "ಅಮ್ಮಾ, ಇನ್ನೊಂದ್ ಸಲ ಬೊಂಬಾದೋರು ನನಗೆ ಫೋನ್ ಮಾಡಿದ್ರೆ ಬೂಟು ಕಸದ ಬುಟ್ಟಿಗೆ. ಆಮೇಲೆ ಪಾರ್ಕಲ್ಲಿ ಮುದುಕೀರ ಜೊತೆ ಬೀಸಣಿಗೆ ಡ್ಯಾನ್ಸ್ ಮಾಡ್ಕೊಂಡಿರು."

ಬೀಸಣಿಗೆ ಡ್ಯಾನ್ಸ್ ನೆನೆದರೇ ಆಕೆಗೆ ಮೈಯೆಲ್ಲ ಉರಿಯುತ್ತದೆ.

೩

ಈ ಓಟದಾಟ ಗೊತ್ತಿಲ್ಲದವರಿಗಾಗಿ: ಗುಂಪಿನಲ್ಲೊಬ್ಬ 'ಮೊಲ'ವಾಗಿ ಬೆಳಿಗ್ಗೆಯೇ ಕಾಡಿಗೆ ಹೋಗಿ ಚೂರು ಕಾಗದ ಚೆಲ್ಲಿ ಬರುತ್ತಾನೆ. ಸಂಜೆ ಉಳಿದವರು ಆ ಜಾಡು ಹಿಡಿದು ಓಡಬೇಕು. ಅಲ್ಲಲ್ಲಿ ಜಾಡು ಬೇಕೆಂದೇ ತುಂಡಾಗಿರುತ್ತದೆ. ಆಗ ಎಲ್ಲರೂ ಚದುರಿ ಹುಡುಕಬೇಕು, ಕಾಗದ ಕಂಡವರು "ಆನ್ ಆನ್!" ಎಂದು ಕೂಗಬೇಕು. ಕಾಣದೆ ಕೂಗಿದವರು ಕೊನೆಗೆ ಎಲ್ಲರೆದುರು ಐಸ್ ಗಡ್ಡೆಯ ಮೇಲೆ ಕುಂಡಿಯೂರಿ ಕೂತು ಬಿಯರ್ ಕುಡಿಯಬೇಕು. ವಕೀಲರು, ಹಲ್ಲಿನ ಡಾಕ್ಟರುಗಳು, ಮೊಮ್ಮಕ್ಕಳನ್ನು ಕಂಡವರು ಸೋಮವಾರ ಸೋಮವಾರ ತಮ್ಮ ಸ್ವಂತ ಖರ್ಚಿನಲ್ಲಿ ಮಾಡುವ ಘನಕಾರ್ಯವಿದು. ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತೇವಲ್ಲ, ಇಲ್ಲಿ ಜಿಗಣೆ.

೪

ಈಗ ಮಳೆ ಬರಲಿ. (ಎಷ್ಟು ಹೊತ್ತು ತಡೆಯಲಿ?)

ಇವತ್ತಿನ ಮೊಲ, ನೂಡಲ್ಸ್ ಅಂಗಡಿಯ ಕಿಯೋಂಗ್, ಕಾಗದ ಚೆಲ್ಲಿ, ಓಟ ಮುಗಿಯುವ ಜಾಗದಲ್ಲಿ ಒಲೆ ಹಚ್ಚಿ ಬಾಣಲೆ ಇಟ್ಟುಕೊಂಡು ಕೂತಿದ್ದಾನೆ. ಇತ್ತ ತಾಳೆಎಣ್ಣೆ ತೋಟದ ನಡುವೆ ಗುಂಪು ನಿಂತುಬಿಟ್ಟಿದೆ. ಆಕಾಶ ತೂತುಬಿದ್ದಂತೆ ಮಳೆ. ಕಾಗದವೆಲ್ಲ ಕೊಚ್ಚಿಹೋಗಿದೆ.

ಗುಂಪಿನ ಮುಖಂಡ ಪುಷ್ಪನಾಥನ್ ಇನ್ಶೂರೆನ್ಸ್ ಏಜೆಂಟ್. ಅವನ ಕೈಯಲ್ಲಿ ಇಡ್ಲಿಯಷ್ಟು ದಪ್ಪದ, ದಾರಿಯನ್ನೂ ತೋರಿಸುವ ವಾಚು.

"ನನ್ನ ವಾಚ್ ಪ್ರಕಾರ ನಾವೀಗ ಸಮುದ್ರದಲ್ಲಿದ್ದೀವಿ," ಎಂದ.

"ಸಮುದ್ರ ಇಲ್ಲೆಲ್ಲಿ ಬಂತು ಬಾಸ್?" ಎಂದರು ಗುಂಪಿನಲ್ಲಿ ಯಾರೋ.

"ವಾಚ್ ಯಾವತ್ತೂ ತಪ್ಪು ಹೇಳಲ್ಲ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕು ಕಾಲಿನ ಮೊಲ ಅತ್ತ ನೂಡಲ್ಸ್ ಹುರಿಯುತ್ತಿದ್ದರೂ ಸರಿಯೇ.

ಪುಷ್ಪನಾಥನ್ ಪ್ಲಾಸ್ಟಿಕ್ ಚೀಲದಿಂದ ಫೋನ್ ತೆಗೆದ. "ಬೊಂಬಾಗೆ ಹೇಳೋಣ."

ಸ್ವೀ ಲಾನ್ ಅವನ ಕೈಗೆ ಅಡ್ಡ ಬಂದಳು. "ಬೇಡ ಬಾಸ್! ಇನ್ನೊಂಚೂರು ಹುಡುಕೋಣ."

"ಆಂಟಿ, ನಿಮಗ್ಯಾಕೆ ಚಿಂತೆ? ಬೊಂಬಾದೋರಿಗೆ ನಿಮ್ಮ ಗುರ್ತಿದೆ. ನಿಮ್ಮ ಹೆಸರು ಹೇಳಿದ್ರೆ ಬೇಗ ಬರ್ತಾರೆ!"

ಎಲ್ಲರೂ ನಕ್ಕರು. ಆಕೆ ನಗಲಿಲ್ಲ. ಒಂದು ತಾಳೆಮರದ ಹಿಂದೆ ಹೋದಳು. ಅಲ್ಲಿ ಬಿದ್ದ ಗರಿಯಿತ್ತು, ಹರಿದ ಗೊಬ್ಬರದ ಚೀಲವಿತ್ತು. ಕಾಗದ ಇರಲಿಲ್ಲ.

"ಆನ್ ಆನ್!" ಎಂದು ಕೂಗಿದಳು.

೫

ಫೋನ್ ಚೀಲಕ್ಕೆ ಮರಳಿತು. ಗುಂಪು ಆಕೆಯ ಹಿಂದೆ ಓಡಿತು.

ಏರಿನಲ್ಲಿ ಕೆಸರು ಮೊಣಕಾಲವರೆಗೆ. ಆಕೆ ಬಿದ್ದಳು, ಎದ್ದಳು, ಬೇರು ಹಿಡಿದು ಹತ್ತಿದಳು. ಇಷ್ಟು ವರ್ಷ ಮುಂದಿನವರ ಬೆನ್ನನ್ನಷ್ಟೇ ನೋಡಿದವಳಿಗೆ ಈಗ ಏದುಸಿರೆಲ್ಲ ಹಿಂದಿನಿಂದ ಕೇಳುತ್ತಿತ್ತು. ಆಕೆಗೆ ಭಯವಾಯಿತು. ನಾಚಿಕೆಗೆಟ್ಟ ಖುಷಿಯೂ ಆಯಿತು.

"ಆಂಟಿ, ಕಾಗದ ಕಾಣ್ತಿದೆಯಾ?"

"ಕಾಣ್ತಿದೆ, ಬನ್ನಿ ಬನ್ನಿ!"

"ನಾನೂ ನೋಡ್ದೆ!" ಎಂದ ಪುಷ್ಪನಾಥನ್. "ಆ ಪೊದೆ ಹತ್ರ ಒಂದಿತ್ತು!"

ಸ್ವೀ ಲಾನ್ ಒಬ್ಬಳೇ ಹೇಳಿದ್ದರೆ ಅದು ಸುಳ್ಳು. ಬಾಸ್ ಕೂಡ ನೋಡಿದೆ ಎಂದ ಮೇಲೆ ಅದು ಜಾಡು. ಆಮೇಲಾಮೇಲೆ ಎಲ್ಲರಿಗೂ ಕಾಗದ ಕಾಣತೊಡಗಿತು. (ವಿಮರ್ಶಕರಿಗೆ ನನ್ನ ಹಿಂದಿನ ಕಥೆಯಲ್ಲಿ ಅರ್ಥ ಕಂಡದ್ದೂ ಹೀಗೆಯೇ.)

೬

ಅಂತ್ಯ, ಮೊದಲನೆಯದು: ತೋಟ ಮುಗಿಯುತ್ತದೆ, ಕಾರುಗಳು ಕಾಣುತ್ತವೆ, ನೂಡಲ್ಸ್ ಘಮ್ಮೆನ್ನುತ್ತದೆ.

"ಥೂ, ಇದನ್ನ ಯಾರು ನಂಬ್ತಾರೆ?" ಎಂದಳು ಸ್ವೀ ಲಾನ್. ಹೊಡೆದುಹಾಕಿದೆ.

ಅಂತ್ಯ, ಎರಡನೆಯದು: ಬೊಂಬಾ ಲಾರಿ. ಛತ್ರಿ ಹಿಡಿದ ವೇ ಕಿಯತ್. ಕಸದ ಬುಟ್ಟಿ...

ಆಕೆ ದಾರಿಗಡ್ಡ ಉಕ್ಕಿ ಹರಿಯುತ್ತಿದ್ದ ತೊರೆಯೊಂದರ ನಡುವೆಯೇ ನಿಂತು ನನ್ನತ್ತ ತಿರುಗಿದಳು.

"ಏನ್ರೀ ಬರೆಯೋರೇ! ಮಳೆ ತಂದೋರು ನೀವು. ಜಾಡು ಅಳಿಸಿದ್ದೂ ನೀವು. ಒಂದ್ ತುಂಡು ಕಾಗದ ಹಾಕೋಕೆ ಏನ್ ಧಾಡಿ?"

"ಮುಂದಿನ ದಾರಿ ನನಗೂ ಗೊತ್ತಿಲ್ಲಮ್ಮಾ."

"ಗೊತ್ತಿಲ್ದೇನೇ ಕಥೆ ಶುರು ಮಾಡಿದ್ರಾ? ಹಾಗಾದ್ರೆ ನೀವೂ ಕಾಗದ ಕಾಣದೇ ಕೂಗಿದೋರೇ. ಬನ್ನಿ, ಇಬ್ರೂ ಐಸ್ ಮೇಲೆ ಕೂರೋಣ."

ಕೆಂಪು ಬೂಟಿನ ಕರಡು, ಎರಡು ಅಂತ್ಯಗಳು, ಎಲ್ಲವನ್ನೂ ಹರಿದು ತೊರೆಯಾಚೆ ಚೆಲ್ಲಿದೆ.

೭

"ಆನ್ ಆನ್!" ಈ ಸಲ ಆಕೆಯ ದನಿಯಲ್ಲಿ ಸುಳ್ಳಿರಲಿಲ್ಲ.

ಒಂದು ಚೂರನ್ನು ಎತ್ತಿ ನೋಡಿದಳು. "ಬಾಸ್, ಇದ್ಯಾವ ಭಾಷೆ?"

ಪುಷ್ಪನಾಥನ್ ಕನ್ನಡಕ ಒರೆಸಿಕೊಂಡ. "ತಮಿಳೇ. ಬಹಳ ಹಳೇ ತಮಿಳು."

"ಏನ್ ಬರೆದಿದೆ?"

"ಎಡಕ್ಕೆ ಹೋಗಿ ಅಂತ."

ಎಡಕ್ಕೆ ಹೋದರು. ಚೂರುಗಳು ಮುಗಿದವು. ದಾರಿ ಕವಲೊಡೆದಿತ್ತು, ಬೆಳಕು ಇಳಿಯುತ್ತಿತ್ತು, ಮಳೆ ಮಾತ್ರ ಹಾಗೇ ಇತ್ತು. ಹಿಂದಿನಿಂದ ಕೂಗು: "ಆಂಟೀ, ಕಾಗದ ಸಿಕ್ತಾ?"

ಸ್ವೀ ಲಾನ್ ನನ್ನ ಮುಖ ನೋಡಿದಳು. ನನ್ನ ಕೈ ಖಾಲಿ. ಉಳಿದಿರುವುದು ನೀವು ಓದುತ್ತಿರುವ ಈ ಹಾಳೆಯೊಂದೇ. (ಹರಿದು ಕೊಡುವಿರಾ? ಕೊನೆಯ ಸಾಲು ಓದುವ ಆಸೆ ಬಿಡಬೇಕಾಗುತ್ತದೆ.)

"ಓದೋರು ಹರಿಯೋವರೆಗೆ ನಾನ್ ಕಾಯಲ್ಲ," ಎಂದಳು. ಬಗ್ಗಿ ಬೂಟನ್ನು ಮೇಲಕ್ಕೆಳೆದುಕೊಂಡಳು. ಎರಡು ದಾರಿಗಳಲ್ಲಿ ಒಂದನ್ನು ಹಿಡಿದು ಓಡಿಯೇಬಿಟ್ಟಳು. ಗುಂಪು ಹಿಂದೆಯೇ ನುಗ್ಗಿತು. ಪುಷ್ಪನಾಥನ್ ನನ್ನನ್ನು ದಾಟಿಹೋದ.

ಆಮೇಲೆ ಮುಂದೆಲ್ಲೋ ಮಳೆಯೊಳಗಿನಿಂದ: "ಆನ್ ಆನ್!"

ಅಲ್ಲಿ ಕಾಗದ ಇತ್ತೇ? ನನಗೆ ಕಾಣಲಿಲ್ಲ. ಎಲ್ಲರಿಗಿಂತ ಹಿಂದೆ ಬಿದ್ದವನು ಈಗ ನಾನು. ಕೂಗು ಕೇಳಿಸಿತು, ಆ ಕಡೆಗೇ ಓಡುತ್ತಿದ್ದೇನೆ.