ಎತ್ತರದ ಶ್ರುತಿ

ಇಂಡಸ್ಟ್ರಿಯಲ್ ಏರಿಯಾದ ಗೋದಾಮಿನಿಂದ ಪಾರ್ಕ್‌ಲ್ಯಾಂಡ್ಸಿನ ಮನೆ ತಲುಪುವಷ್ಟರಲ್ಲಿ ರಾಯ್ಸ್ಟನ್‌ನ ಅರ್ಧ ಜೀವ ಟ್ರಾಫಿಕ್ ಜಾಮಿನಲ್ಲೇ ಕರಗಿಹೋಗಿತ್ತು. ಉಳಿದರ್ಧ ಹಿಡಿದುಕೊಂಡು ಈಗ ಹಾಡಬೇಕು. ಶುಕ್ರವಾರ ಮಗಳು ನತಾಲಿಯಾಳ ರೋಸ್, ಅಂದರೆ ಮದುವೆಯ ಹಿಂದಿನ ಸಂಜೆ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ನೈರೋಬಿಯ ಮಂಗಳೂರು ಕ್ಯಾಥೊಲಿಕರಲ್ಲಿ ಯಾರ ಮನೆಯ ರೋಸ್ ಆದರೂ ರಾಯ್ಸ್ಟನ್ ಹಾಡದೆ ಮುಗಿಯುತ್ತಿರಲಿಲ್ಲ. ಊರವರ ಮಕ್ಕಳಿಗೆಲ್ಲ ಹಾಡಿದವನಿಗೆ ತನ್ನ ಮಗಳ ಸರದಿ ಬಂದಾಗಲೇ ಗಂಟಲು ಕೈಕೊಟ್ಟಿತ್ತು.

ಪ್ರತಿ ರೋಸಿನಲ್ಲೂ ಅವನು ಹಾಡುತ್ತಿದ್ದ ಹಾಡು ಇಂಗ್ಲೆಂಡಿನ ಒಂದು ರಿದಮ್ ಅಂಡ್ ಬ್ಲೂಸ್ ಬ್ಯಾಂಡಿನ ರೆಕಾರ್ಡಿನದ್ದು. ಅವರಿಗೂ ಅದು ಸ್ವಂತದ್ದಲ್ಲ; ಅಮೆರಿಕದ ಹಳೆಯ ಗಾಯಕರ ಹಾಡುಗಳನ್ನೇ ಆರಿಸಿ ತಮ್ಮ ರೀತಿಯಲ್ಲಿ ಹಾಡಿದ ಆಲ್ಬಮ್. ಹುಡುಗರಾಗಿದ್ದಾಗ ರಾಯ್ಸ್ಟನ್, ಗಿಟಾರಿನ ಡೆಂಜಿಲ್, ಕೀಬೋರ್ಡಿನ ಯಶವಂತ್ ಮೂವರೂ ಯಶವಂತನ ಮನೆಯ ಹಳೇ ಪ್ಲೇಯರಿನ ಮುಂದೆ ಕೂತು, ಗಿಟಾರನ್ನು ಆ ರೆಕಾರ್ಡಿಗೇ ಶ್ರುತಿ ಮಾಡಿಕೊಂಡು ಕಲಿತಿದ್ದರು. ಆಮೇಲೆ ರೆಕಾರ್ಡ್ ಮುರಿಯಿತು, ಪ್ಲೇಯರ್ ಗುಜರಿಗೆ ಹೋಯಿತು. ಮತ್ತೆ ಕೇಳುವ ಅಗತ್ಯವೇ ಬೀಳಲಿಲ್ಲ. ಹಾಡು ಬಾಯಲ್ಲೇ ಇತ್ತಲ್ಲ.

ಈಗ ಅದೇ ಮೂವರು ರಾಯ್ಸ್ಟನ್‌ನ ಮನೆಯಲ್ಲಿ ಅಭ್ಯಾಸಕ್ಕೆ ಸೇರಿದ್ದರು. ಚರಣದ ಕೊನೆಯ ಏರು ಬಂತು. ರಾಯ್ಸ್ಟನ್ ಎಂದಿನಂತೆ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತು ಕೂಗಿದ. ದನಿ ಒಡೆದು ಕೆಮ್ಮಾಯಿತು.

“ಡಿಜೆಗೆ ಹೇಳುವಾ ಮಾರಾಯ,” ಎಂದು ಡೆಂಜಿಲ್ ಗಿಟಾರ್ ಕೆಳಗಿಟ್ಟ. “ಇಲ್ಲದಿದ್ರೆ ರೋಸಿನ ಊಟವೇ ನಿನ್ನ ತಿಥಿ ಊಟ ಆಗ್ತದೆ.”

“ಸುಮ್ನಿರೋ, ಅವ್ನ್ ಮಗಳ ಮದ್ವೆ ಅದು,” ಎಂದ ಯಶವಂತ್. “ಸ್ವಲ್ಪ ಶುಂಠಿ ಕಷಾಯ ಕುಡಿ ಗುರು.”

“ಕುಡಿದು ಕುಡಿದು ಹೊಟ್ಟೆ ಉರೀತಾ ಉಂಟು. ಬೇಡ, ಡಿಜೆಗೇ ಹೇಳಿ.” ರಾಯ್ಸ್ಟನ್ ಸೋಫಾಕ್ಕೆ ಒರಗಿ ಕಣ್ಣು ಮುಚ್ಚಿದ. ಬೇಸರಪಡುವಷ್ಟು ಶಕ್ತಿಯೂ ಉಳಿದಿರಲಿಲ್ಲ.

ಯಶವಂತನಿಗೆ ಕೊಂಕಣಿ ಬಾರದ್ದರಿಂದ ಮೂವರ ಮಾತೂ ಕನ್ನಡದಲ್ಲೇ. ಕೇಳಿ ಕೇಳಿ ನತಾಲಿಯಾಳಿಗೂ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷ್. ಒಳಗಿನಿಂದ ಫೋನ್ ಹಿಡಿದು ಬಂದಳು. “ನೋ ಡಿಜೆ, ಡ್ಯಾಡಿ. ಐ ಫೌಂಡ್ ದ ಆಲ್ಬಮ್. ಲಿಸನ್.”

ಅದೇ ಡ್ರಮ್ಮು, ಅದೇ ಮೌತ್ ಆರ್ಗನ್. ಆದರೆ ಎಲ್ಲವೂ ನಿಧಾನ, ಎಲ್ಲವೂ ತಗ್ಗು. ಹಾಡುವವನು ಚಹಾ ಕುಡಿಯುತ್ತ ಕೂತಂತಿತ್ತು. ಆ ಏರನ್ನು ಅವನು ಹತ್ತಿದ್ದೇ ಗೊತ್ತಾಗಲಿಲ್ಲ.

ಯಶವಂತ್ ಕೀಬೋರ್ಡಿನ ಮೇಲೆ ಬೆರಳಾಡಿಸಿದ. “ನಾವು ಹಾಡೋದಕ್ಕಿಂತ ಶ್ರುತಿ ಪೂರ್ತಿ ಎರಡು ಮನೆ ಕೆಳಗಿದೆ ಕಣ್ರೋ.” ಆಮೇಲೆ ಮೆಲ್ಲಗೆ, “ನಮ್ಮನೆ ಪ್ಲೇಯರ್ ಜೋರಾಗಿ ತಿರುಗಿ ಶ್ರುತೀನೇ ಏರಿಸ್ತಿತ್ತು ಅನ್ಸುತ್ತೆ.”

ಡೆಂಜಿಲ್ ಬಿದ್ದು ಬಿದ್ದು ನಕ್ಕ. ರಾಯ್ಸ್ಟನ್‌ಗೆ ನಗು ಬರಲಿಲ್ಲ. ಎಷ್ಟು ರೋಸ್, ಎಷ್ಟು ಕಷಾಯ! ಹಾಡಿದ ಮರುದಿನ ಗೋದಾಮಿನಲ್ಲಿ ಎಷ್ಟು ಸಲ ಕೈಸನ್ನೆಯಲ್ಲೇ ಲಾರಿ ಕಳಿಸಿದ್ದ! ಯಾರೂ ಹಾಡದ ಎತ್ತರಕ್ಕೆ ಜೀವಮಾನವಿಡೀ ಕತ್ತು ಚಾಚಿದ್ದ.

“ಇನ್ನೆಂತ, ಇಳಿಸಿ ಹಾಡು,” ಎಂದ ಡೆಂಜಿಲ್.

“ಮುದುಕನಿಗೆ ಆಗುದಿಲ್ಲ, ಅದಕ್ಕೆ ಇಳಿಸಿದ ಅಂತಾರೆ ಜನ.”

“ಆಗುದೇ ಇಲ್ಲ ಅಲ್ವಾ ನಿನಗೆ?”

“ಹೈ ಆರ್ ಲೋ, ಐ ಡೋಂಟ್ ಕೇರ್,” ಎಂದಳು ನತಾಲಿಯಾ. ಫೋನ್ ಆರಿಸಿ, ತಡವರಿಸುತ್ತ ಕನ್ನಡದಲ್ಲೇ ಸೇರಿಸಿದಳು: “ನೀವೇ ಹಾಡ್ಬೇಕು.”

ಶುಕ್ರವಾರ ಹಾಲ್ ತುಂಬಿತ್ತು. ನತಾಲಿಯಾಳ ಕೂದಲಿನಿಂದ ತೆಂಗಿನ ಹಾಲು ತೊಟ್ಟಿಕ್ಕುತ್ತಿತ್ತು. ಹಾಡು ತಗ್ಗಿನಲ್ಲೇ ಹೊರಟಿತು. ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದ್ದು ರಾಯ್ಸ್ಟನ್‌ಗೆ ಕೇಳಿಸಿತು. ತಲೆಕೆಡಿಸಿಕೊಳ್ಳಲೂ ಸುಸ್ತೆನಿಸಿ ಕಣ್ಣು ಮುಚ್ಚಿದ. ಏರು ಬಂತು. ದನಿ ಒಡೆಯದೆ ದಾಟಿತು.

ಕಣ್ಣು ತೆರೆದರೆ ಮಗಳು ಹಾಲು ಮೆತ್ತಿದ ಬೆರಳಿನಿಂದ ಅವನ ಕಾಲು ತೋರಿಸಿ ನಗುತ್ತಿದ್ದಳು. ಬೇಕಿಲ್ಲದಿದ್ದರೂ ಅವನು ತುದಿಗಾಲಲ್ಲೇ ನಿಂತಿದ್ದ. ರಾಯ್ಸ್ಟನ್ ಹಿಮ್ಮಡಿಯನ್ನು ಮೆಲ್ಲಗೆ ನೆಲಕ್ಕಿಳಿಸಿ ಮುಂದಿನ ಸಾಲು ಹಿಡಿದ.